ಎರೆಮಣ್ಣಿನ ಹಿತ್ತಲು, ನೆರೆಮನೆಯ ಸಲಹೆ

ಮನೆಯಂಗಳದ ಗಿಡಗಳ ಬಗ್ಗೆ ನೆರೆಹೊರೆಯವರು ಒಬ್ಬರಿಗೊಬ್ಬರು ಹೇಳಿಕೊಡುವ ಸಲಹೆ ಆಯಾ ಊರಿನ ಮಣ್ಣು, ನೀರು, ಬಿಸಿಲಿಗೆ ಕಟ್ಟುಬಿದ್ದದ್ದು. ಮಹಾರಾಷ್ಟ್ರದ ಗಡಿಸೀಮೆಯ ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ಹಿತ್ತಲುಗಳಲ್ಲಿ ಇದು ಎದ್ದು ಕಾಣುತ್ತದೆ. ನಿಲಂಗಾ, ಉದಗೀರ ಎರಡೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯದ ಪಾಲಾದವು, 1982ರಿಂದ ಲಾತೂರ ಜಿಲ್ಲೆಯಲ್ಲಿವೆ. ಲೋಹಾರಾ, ಉಮರ್ಗಾ ತಾಲ್ಲೂಕುಗಳು ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಗೆ ಸೇರಿವೆ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಕುಟುಂಬಗಳು ಈ ಪಟ್ಟಿಯುದ್ದಕ್ಕೂ ಇವೆ. ಬಸವಕಲ್ಯಾಣ, ಭಾಲ್ಕಿ, ಆಳಂದದ ಕಡೆಯಿಂದ ಸೊಸೆಯಾಗಿ ಬಂದ ಹೆಣ್ಣುಮಕ್ಕಳು ತವರಿನಿಂದ ಪುಂಡಿಪಲ್ಯದ ಬೀಜ, ಅವರೆ ಬೀಜ, ಮಲ್ಲಿಗೆಯ ಕಡ್ಡಿ ತರುತ್ತಾರೆ. ಅದನ್ನು ಬೆಳೆಸುವ ಬಗೆಯೂ ಅವರ ಜೊತೆಗೇ ಬರುತ್ತದೆ. ತವರಿನ ನೆಲವೂ ಇಲ್ಲಿಯ ನೆಲವೂ ಬಹುಪಾಲು ಒಂದೇ ಆದ್ದರಿಂದ ಆ ತಿಳಿವಳಿಕೆ ಇಲ್ಲಿ ಸುಳ್ಳಾಗುವುದು ಕಡಿಮೆ.

ಈ ಸೀಮೆಯ ಹೆಚ್ಚಿನ ನೆಲ ಎರೆ. ದಖನ್ನಿನ ಕಪ್ಪು ಕಲ್ಲು ಸವೆದು ಆದ ಈ ಮಣ್ಣಿನಲ್ಲಿ ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜೇಡಿ ಹೆಚ್ಚು. ಮಳೆಗಾಲದಲ್ಲಿ ಕಾಲಿಗೆ ಮೆತ್ತುವ ನೆಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಬಿರುಕಿನ ಜೊತೆಗೆ ಎಳೆಬೇರುಗಳೂ ಹರಿಯುತ್ತವೆ. ಅಗೆದಲ್ಲಿ ಸುಣ್ಣದ ಹರಳು ಸಿಗುತ್ತವೆ, ಮಣ್ಣಿಗೆ ಕ್ಷಾರದ ಗುಣವಿದೆ. ಉದಗೀರದಿಂದ ಬೀದರದತ್ತ ಹೋದಂತೆ ಅಲ್ಲಲ್ಲಿ ಜಂಬಿಟ್ಟಿಗೆಯ ಕೆಂಪು ನೆಲ ಬರುತ್ತದೆ, ಅಲ್ಲಿ ನೀರು ನಿಲ್ಲುವುದೇ ಇಲ್ಲ. ವರ್ಷದ ಮಳೆ ಸರಾಸರಿ 700ರಿಂದ 900 ಮಿಲಿಮೀಟರ್, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ.

ಬೆಂಗಳೂರಿನ ಕೆಂಪು ಮಣ್ಣಿಗೆ, ಪುಣೆಯ ತಾರಸಿಗೆ ಬರೆದ ಸಲಹೆಯನ್ನು ಇಲ್ಲಿಗೆ ಹಾಗೇ ತಂದರೆ ಗಿಡ ಸಾಯುತ್ತದೆ. ‘ದಿನಾ ಒಂದು ತಂಬಿಗೆ ನೀರು’ ಎಂಬ ಮಾತು ಎರೆಮಣ್ಣಿನಲ್ಲಿ ಬೇರು ಕೊಳೆಯಿಸುವ ಮಾತು. ಮೇಲ್ಮಣ್ಣು ಒಣಗಿ ಬಿಳಿಚಿಕೊಂಡಿದ್ದರೂ ನಾಲ್ಕು ಬೆರಳು ಕೆಳಗೆ ಹಸಿ ಇರುತ್ತದೆ. ಅದಕ್ಕೇ ಇಲ್ಲಿಯ ಹಿರಿಯ ಹೆಣ್ಣುಮಕ್ಕಳು ನೀರು ಹಾಕುವ ಮೊದಲು ಎರಡು ಗೆಣ್ಣು ಆಳಕ್ಕೆ ಬೆರಳು ತೂರಿಸಿ ನೋಡು ಎನ್ನುತ್ತಾರೆ. ಪಪ್ಪಾಯಿಯನ್ನು ಮಟ್ಟಸ ನೆಲದಲ್ಲಿ ಹಚ್ಚಬೇಡ, ಮಣ್ಣು ಏರಿಸಿ ದಿಬ್ಬದ ಮೇಲೆ ಹಚ್ಚು ಎನ್ನುತ್ತಾರೆ. ಪಪ್ಪಾಯಿಯ ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಕಾಂಡ ಕೊಳೆತು ಗಿಡ ಮಗುಚುತ್ತದೆ. ಕುಂಡಕ್ಕೆ ಬರೀ ಎರೆಮಣ್ಣು ತುಂಬಿದರೆ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಒಂದು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಮರಳು ಇಲ್ಲವೇ ಜರಡಿ ಹಿಡಿದ ಮುರುಮ ಸೇರಿಸುವುದು ಇಲ್ಲಿ ಕೈಹತ್ತಿದ ಅಳತೆ.

ಒಳ್ಳೆಯ ಸಲಹೆ ಮೊದಲು ಪ್ರಶ್ನೆಯಾಗಿ ಬರುತ್ತದೆ. ಎಲೆ ಹಳದಿಯಾಗುವುದನ್ನೇ ತೆಗೆದುಕೊಳ್ಳಬಹುದು, ಹಿತ್ತಲಿನ ದೂರುಗಳಲ್ಲಿ ಇದೇ ಮೊದಲನೆಯದು. “ಕಾಕಿ, ನಮ್ಮ ದಾಸ್ವಾಳದ ಎಲಿ ಹಳದಿ ಆಗ್ಯಾವ ನೋಡ್ರಿ” ಎಂದು ಪಕ್ಕದ ಮನೆಯ ಸೊಸೆ ಕೇಳಿದರೆ, ಬಲ್ಲವಳು ಗೊಬ್ಬರದ ಹೆಸರು ಹೇಳುವುದಿಲ್ಲ. “ಹಳೀ ಎಲಿ ಹಳದಿ ಆಗ್ಯಾವೋ, ಸುಳಿ ಎಲೀನೋ, ಮೊದ್ಲ ಅದನ್ನ ಹೇಳವಾ” ಎನ್ನುತ್ತಾಳೆ. ಈ ಒಂದು ಪ್ರಶ್ನೆಯಲ್ಲಿ ಅರ್ಧ ರೋಗನಿರ್ಣಯ ಮುಗಿಯುತ್ತದೆ. ಕೆಳಗಿನ ಹಳೆಯ ಎಲೆ ಪೂರಾ ಹಳದಿಯಾಗಿ ಉದುರುತ್ತಿದ್ದರೆ ಸಾರಜನಕದ ಕೊರತೆ ಇದ್ದೀತು. ಗಿಡಕ್ಕೆ ಸಾರಜನಕ ಸಾಲದಾದಾಗ ಅದು ಹಳೆಯ ಎಲೆಯಲ್ಲಿದ್ದುದನ್ನು ಹಿಂತೆಗೆದು ಹೊಸ ಚಿಗುರಿಗೆ ಕಳಿಸುತ್ತದೆ. ತಿಪ್ಪೆಗೊಬ್ಬರ, ಹಿಂಡಿ ಇದಕ್ಕೆ ಪರಿಹಾರ. ಅದೇ ಸುಳಿಯ ಹೊಸ ಎಲೆ ಬಿಳಿಹಳದಿಯಾಗಿ, ನರ ಮಾತ್ರ ಹಸಿರಾಗಿ ಬಲೆಯಂತೆ ಕಂಡರೆ ಕೊರತೆ ಕಬ್ಬಿಣದ್ದು. ಕಬ್ಬಿಣವನ್ನು ಗಿಡ ಹಳೆಯ ಎಲೆಯಿಂದ ಹೊಸದಕ್ಕೆ ಸಾಗಿಸಲಾರದು, ಹಾಗಾಗಿ ಕೊರತೆ ಚಿಗುರಿನಲ್ಲೇ ಮೊದಲು ಕಾಣುತ್ತದೆ.

ಎರೆಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಸುಣ್ಣದ ಕಾಟದಿಂದ ಅದು ಬೇರಿಗೆ ಸಿಗುವುದಿಲ್ಲ ಅಷ್ಟೇ. ಬೋರಿನ ಗಡಸು ನೀರು ಈ ಕಾಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಕುಂಡದ ಅಂಚಿಗೆ, ಮಣ್ಣಿನ ಮೇಲೆ ಕಟ್ಟುವ ಬಿಳಿ ಪೊರೆ ಅದರದೇ ಗುರುತು. ಇಂಥ ಗಿಡಕ್ಕೆ ಯೂರಿಯಾ ಹಾಕಿದರೆ ಪ್ರಯೋಜನವಿಲ್ಲ. ಕಿರಾಣಿ ಅಂಗಡಿಯಲ್ಲೋ ಗೊಬ್ಬರದ ಅಂಗಡಿಯಲ್ಲೋ ಸಿಗುವ ಅನ್ನಭೇದಿಯನ್ನು, ಅಂದರೆ ಕಬ್ಬಿಣದ ಸಲ್ಫೇಟನ್ನು, ಒಂದು ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ಸ್ವಲ್ಪ ನಿಂಬೆಹುಳಿ ಹಿಂಡಿ, ಸಂಜೆ ಎಲೆಗಳಿಗೆ ಸಿಂಪಡಿಸಬೇಕು. ಒಂದೆರಡು ಎಲೆಗೆ ಹಾಕಿ ನೋಡಿ, ಸುಡದಿದ್ದರೆ ಉಳಿದವಕ್ಕೆ ಹಾಕುವುದು ಲೇಸು. ಮಳೆನೀರು ಹಿಡಿದಿಟ್ಟಿದ್ದರೆ ದಾಸವಾಳಕ್ಕೂ ಗುಲಾಬಿಗೂ ಅದನ್ನೇ ಮೀಸಲಿಡಬೇಕು. ಇವೆರಡೂ ಅಲ್ಲದೆ, ಮಣ್ಣು ಹಸಿಯಾಗಿದ್ದೂ ಇಡೀ ಗಿಡ ಜೋತುಬಿದ್ದು ಹಳದಿಯಾದರೆ ನೀರು ಹೆಚ್ಚಾಗಿದೆ ಎಂದೇ ಅರ್ಥ. ಆಗ ಮಾಡಬೇಕಾದ್ದು ನೀರು ನಿಲ್ಲಿಸುವುದು, ಬುಡದ ಮಣ್ಣು ಸಡಿಲಿಸುವುದು.

ಮೆಣಸಿನಗಿಡದ ಎಲೆ ಮುದುಡುವುದೂ ಇಂಥದೇ. ಊರಿಗೆಲ್ಲ ಅದು ಒಂದೇ ಮುಟುರು ರೋಗ. ಆದರೆ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದರಲ್ಲಿ ಬೇರೆ ಬೇರೆ ಬಗೆ ಕಾಣುತ್ತವೆ. ಎಲೆಯ ಅಂಚು ಮೇಲ್ಮುಖವಾಗಿ ದೋಣಿಯಂತೆ ಮಡಚಿದ್ದರೆ ಅದು ಥ್ರಿಪ್ಸ್ ಎಂಬ ನುಸಿಯ ಕೆಲಸ, ಕೆಳಮುಖವಾಗಿ ಮಡಚಿ ಎಲೆ ನೀಳವಾಗಿದ್ದರೆ ಅದು ಮೈಟ್ ಜಾತಿಯ ಸಣ್ಣ ಹುಳ. ಮೊದಲನೆಯದಕ್ಕೆ ಬೇವಿನ ಬೀಜದ ಕಷಾಯ ಸಾಕಾದೀತು: 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿಯಿಡೀ ಒಂದು ಲೀಟರ್ ನೀರಿನಲ್ಲಿ ನೆನೆಸಿ, ಸೋಸಿ, ಚೂರು ಸಾಬೂನು ಕದಡಿ ಎಲೆಯ ಕೆಳಬದಿಗೆ ತಾಗುವಂತೆ ಸಿಂಪಡಿಸುವುದು. ಎರಡನೆಯದಕ್ಕೆ ನೀರಿನಲ್ಲಿ ಕರಗುವ ಗಂಧಕ ಬೇಕು. ಇನ್ನು ನಂಜು ಹತ್ತಿ ಗಿಡ ಗುಜ್ಜಾಗಿ, ಎಲೆಯೆಲ್ಲ ಗೊಂಚಲು ಕಟ್ಟಿದ್ದರೆ ಯಾವ ಕಷಾಯವೂ ನಡೆಯದು, ಕಿತ್ತು ಸುಡುವುದೊಂದೇ ದಾರಿ. ಬೆಂಡೆಯ ಎಲೆಯಲ್ಲಿ ನರವೇ ಹಳದಿಯಾದರೂ ಇದೇ ಮಾತು, ಆ ನಂಜನ್ನು ಗಿಡದಿಂದ ಗಿಡಕ್ಕೆ ಹೊತ್ತು ತಿರುಗುವುದು ಬಿಳಿನೊಣ. ಕಬ್ಬಿಣದ ಕೊರತೆಯಲ್ಲಿ ನರ ಹಸಿರು, ಈ ರೋಗದಲ್ಲಿ ನರ ಹಳದಿ ಎಂಬುದನ್ನು ಒಮ್ಮೆ ಎರಡೂ ಎಲೆ ಪಕ್ಕಪಕ್ಕ ಇಟ್ಟು ತೋರಿಸಿದರೆ ಕಲಿಯುವವರು ಮರೆಯುವುದಿಲ್ಲ. ಈ ವಿದ್ಯೆ ಬಾಯಿಮಾತಿಗಿಂತ ಕಣ್ಣಿನಿಂದ ಹೆಚ್ಚು ದಾಟುತ್ತದೆ.

ನೀರಿನ ಮಾತು ಇಲ್ಲಿ ಎಲ್ಲದಕ್ಕೂ ಮಿಗಿಲು. 2016ರ ಏಪ್ರಿಲ್‌ನಲ್ಲಿ ಲಾತೂರ ನಗರಕ್ಕೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಮೊದಲ ರೈಲು 10 ವ್ಯಾಗನ್‌ಗಳಲ್ಲಿ ಸುಮಾರು 5 ಲಕ್ಷ ಲೀಟರ್ ಹೊತ್ತು ಬಂತು. ಲೋಹಾರಾ ತಾಲ್ಲೂಕಿನ ಮಾಕಣಿಯಲ್ಲಿ ತೇರಣಾ ನದಿಗೆ ಅಣೆಕಟ್ಟು ಇದೆಯಾದರೂ ಬರದ ವರ್ಷಗಳಲ್ಲಿ ಹಳ್ಳಿಗೆ ಟ್ಯಾಂಕರೇ ಗತಿ. ಅಂಥ ದಿನಗಳಲ್ಲಿ ಹಿತ್ತಲಿನ ಗಿಡ ಉಳಿಸುವುದು ಹೇಗೆಂಬ ತಿಳಿವಳಿಕೆ ಇಲ್ಲಿಯ ಮನೆಮನೆಗಳಲ್ಲಿ ಕೂಡಿಬಂದಿದೆ. ಹೊಟ್ಟೆ ಅಗಲವಾದ ಮಣ್ಣಿನ ಗಡಿಗೆಯನ್ನು ಗಿಡದ ಪಕ್ಕ ಕಂಠದವರೆಗೆ ಹೂತು, ನೀರು ತುಂಬಿ ಬಾಯಿ ಮುಚ್ಚುವುದು ಅದರಲ್ಲೊಂದು. ಸುತ್ತಲ ಮಣ್ಣು ಒಣಗಿದಷ್ಟೂ ಗಡಿಗೆ ನೀರು ಜಿನುಗಿಸುತ್ತದೆ, ಹಸಿಯಾದಾಗ ಜಿನುಗುವುದು ತಾನೇ ಕಡಿಮೆಯಾಗುತ್ತದೆ. ಕ್ರಿಸ್ತಪೂರ್ವ ಒಂದನೇ ಶತಮಾನದ ಚೀನಾದ ಕೃಷಿತಜ್ಞ ಫಾನ್ ಶೆಂಗ್‌ಜಿ ಗಡಿಗೆಯ ಸುತ್ತ ಬಳ್ಳಿ ಹಚ್ಚುವ ಇದೇ ಕ್ರಮವನ್ನು ಬರೆದಿಟ್ಟಿದ್ದಾನೆ. ಕುಂಬಾರನ ಕೈಯ ಸಾದಾ ಗಡಿಗೆಯೇ ಇದಕ್ಕೆ ಬೇಕು, ಬಣ್ಣ ಬಳಿದದ್ದು ಜಿನುಗದು.

ಹೊದಿಕೆಯೂ ಅಷ್ಟೇ ಮುಖ್ಯ. ಈ ಸೀಮೆಯಲ್ಲಿ ಸೋಯಾಬೀನ್ ಹೊಟ್ಟಿಗೆ, ತೊಗರಿಯ ಹೊಟ್ಟಿಗೆ, ಕಬ್ಬಿನ ರವದಿಗೆ ಬರವಿಲ್ಲ. ಬುಡದ ಸುತ್ತ ನಾಲ್ಕು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ ಬಿಟ್ಟರೆ ಬಿರುಕು ಬೀಳುವುದೂ ತಗ್ಗುತ್ತದೆ, ನೀರು ಆವಿಯಾಗುವುದೂ ತಗ್ಗುತ್ತದೆ. ಬಚ್ಚಲ ನೀರನ್ನು ಬಾಳೆಗೆ, ಕೆಸುವಿಗೆ ಬಿಡುವ ರೂಢಿ ಒಳ್ಳೆಯದೇ. ಬಟ್ಟೆ ಒಗೆದ ಪೌಡರಿನ ನೀರನ್ನು ಮಾತ್ರ ದೂರವಿಡಬೇಕು, ಅದರಲ್ಲಿನ ಸೋಡಿಯಂ ಎರೆಯ ಕಣಗಳನ್ನು ಬಿಡಿಸಿ ಮಣ್ಣನ್ನು ಇನ್ನೂ ಬಿಗಿ ಮಾಡುತ್ತದೆ. ಹಸಿಯಾಗಿ ತಿನ್ನುವ ಮೂಲಂಗಿ, ಹಕ್ಕರಕಿ, ಕೊತ್ತಂಬರಿಗೆ ಬಚ್ಚಲ ನೀರು ಯಾವತ್ತೂ ಸಲ್ಲದು.

ಇಲ್ಲಿಯ ಊರುಗಳಿಗೆ ಹಿತ್ತಲೇ ಹೊಸದಾಗಿ ಬಂದದ್ದೂ ಉಂಟು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವದ ಭೂಕಂಪದಲ್ಲಿ ಕಿಲ್ಲಾರಿ, ಸಾಸ್ತೂರ ಸುತ್ತಲಿನ ಊರುಗಳು ನೆಲಸಮವಾಗಿ ಹತ್ತು ಸಾವಿರದಷ್ಟು ಜನ ತೀರಿಹೋದರು. ದಪ್ಪ ಕಲ್ಲುಮಣ್ಣಿನ ಗೋಡೆ, ಭಾರದ ಮಾಳಿಗೆಯ ಮನೆಗಳು ಒತ್ತಾಗಿ ಕಟ್ಟಿಕೊಂಡಿದ್ದ ಹಳೆಯ ಊರುಗಳವು. ತೀರ ಹಾಳಾದ 52 ಊರುಗಳನ್ನು ಬೇರೆಡೆ ಹೊಸದಾಗಿ ಕಟ್ಟಲಾಯಿತು. ಜಮೀನಿನ ಹಿಡುವಳಿ ನೋಡಿ 250, 400, 750 ಚದರ ಅಡಿಯ ಮನೆಗಳನ್ನು ಕೊಟ್ಟರು. ಮನೆ ಚಿಕ್ಕದಾದರೂ ಸುತ್ತ ಬಯಲು ಬಿಟ್ಟಿದ್ದರು. ಮೊದಲಿಗೆ ಬೋಳಾಗಿದ್ದ ಆ ಜಾಗಗಳಲ್ಲಿ ಬೇವು, ನುಗ್ಗೆ, ಪೇರಲ, ಕರಿಬೇವು ಎದ್ದವು. ಊರು ಕಳೆದುಕೊಂಡವರು ಹೊಸ ನೆಲಕ್ಕೆ ಒಗ್ಗಿಕೊಂಡದ್ದರಲ್ಲಿ ಈ ಗಿಡಗಳ ಪಾಲು ದೊಡ್ಡದು ಎಂದು ಧಾರಾಳವಾಗಿ ಹೇಳಬಹುದು.

ಭೂಕಂಪದ ನಂತರದ ಪುನರ್ವಸತಿಯಲ್ಲೇ ಪ್ರೇಮಾ ಗೋಪಾಲನ್ ಅವರ ‘ಸ್ವಯಂ ಶಿಕ್ಷಣ ಪ್ರಯೋಗ’ ಈ ಹಳ್ಳಿಗಳಿಗೆ ಬಂತು. ಸರಕಾರಕ್ಕೂ ಊರಿಗೂ ನಡುವೆ ಮಾತು ಮುಟ್ಟಿಸಲು ಹಳ್ಳಿಯ ಹೆಂಗಸರನ್ನೇ ‘ಸಂವಾದ ಸಹಾಯಕ’ರನ್ನಾಗಿ ಮಾಡಿದ್ದು ಅದರ ದೊಡ್ಡ ಕೆಲಸ. ಮುಂದೆ ಅದೇ ಹೆಂಗಸರ ಗುಂಪುಗಳ ನಡುವೆ ‘ಒಂದು ಎಕರೆ’ಯ ಪದ್ಧತಿ ಬೆಳೆಯಿತು. ಮನೆಯ ಜಮೀನಿನಲ್ಲಿ ಅರ್ಧದಿಂದ ಒಂದು ಎಕರೆಯನ್ನು ಹೆಂಗಸರು ಕೇಳಿ ಪಡೆದು, ಮನೆಯವರು ಉಣ್ಣುವ ಕಾಯಿಪಲ್ಯ, ಕಾಳು, ಜೋಳ, ಸಜ್ಜೆಯನ್ನು ಕಡಿಮೆ ನೀರಿನಲ್ಲಿ, ಮನೆಯ ಗೊಬ್ಬರದಲ್ಲಿ ಬೆಳೆಯುವುದು. ಒಬ್ಬಳು ಕಲಿತು ಹತ್ತಾರು ಜನಕ್ಕೆ ತೋರಿಸುವುದೇ ಇದರ ನಡೆ. 2017ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ‘ಇಕ್ವೇಟರ್ ಪ್ರಶಸ್ತಿ’ ಈ ಸಂಸ್ಥೆಗೆ ಬಂತು. ಮಹಾರಾಷ್ಟ್ರ ಸರಕಾರದ ‘ಉಮೇದ್’ ಅಭಿಯಾನವೂ ಸ್ವಸಹಾಯ ಗುಂಪುಗಳ ಮೂಲಕ ಪೋಷಣ ಪರಸಬಾಗ, ಅಂದರೆ ಮನೆಗೊಂದು ಕಾಯಿಪಲ್ಯದ ಕೈತೋಟ ಮಾಡಿಸುತ್ತಿದೆ.

ಧೈರ್ಯ ಹೇಳುವುದೂ ಸಲಹೆಯಷ್ಟೇ ಬೇಕಾದದ್ದು. ಆದರೆ ‘ಇರಲಿ ಬಿಡು, ಮುಂದಿನ ಸಲ ಬಂದೀತು’ ಎಂಬ ಬರೀ ಸಮಾಧಾನ ಹೆಚ್ಚು ದಿನ ನಡೆಯದು, ಧೈರ್ಯದ ಹಿಂದೆ ಕಾರಣ ಇರಬೇಕು. ಮೊದಲ ಸಲ ಹೀರೆ ಬಳ್ಳಿ ಹಚ್ಚಿದವರು ಬಳ್ಳಿ ತುಂಬ ಹೂ ಬಿಟ್ಟು ಎಲ್ಲವೂ ಉದುರಿದಾಗ ಕಂಗೆಡುತ್ತಾರೆ. ಬಲ್ಲ ನೆರೆಯವರು ಆಗ ಹೂವಿನ ಹಿಂಬದಿ ತೋರಿಸುತ್ತಾರೆ. ಬರೀ ತೊಟ್ಟಿದ್ದರೆ ಗಂಡುಹೂ, ತೊಟ್ಟಿನ ಜಾಗದಲ್ಲಿ ಎಳೆ ಮಿಡಿ ಇದ್ದರೆ ಹೆಣ್ಣುಹೂ. ಈ ಬಳ್ಳಿಗಳಲ್ಲಿ ಗಂಡುಹೂ ಮೊದಲು ಬರುತ್ತವೆ, ಹೆಣ್ಣುಹೂ ಕೆಲವು ದಿನಗಳ ನಂತರ. ಉದುರಿದ್ದು ಉದುರಬೇಕಾದದ್ದೇ. ಮುಂದೆ ಮಿಡಿಯೂ ಹಳದಿಯಾಗಿ ಬಿದ್ದರೆ ಪರಾಗ ಮುಟ್ಟಿಲ್ಲವೆಂದು ತಿಳಿದು, ಗಂಡುಹೂ ಕಿತ್ತು ಎಸಳು ಬಿಡಿಸಿ ಹೆಣ್ಣುಹೂವಿನ ನಡುವೆ ಸವರಬೇಕು. ಕುಂಬಳ, ಸೌತೆ, ಹಾಗಲದ ಹೂ ಬೆಳಿಗ್ಗೆ ಅರಳುತ್ತವೆ. ಹೀರೆ, ಸೋರೆಯವು ಸಂಜೆ, ಆದ್ದರಿಂದ ಆ ಕೆಲಸ ದೀಪ ಹಚ್ಚುವ ಹೊತ್ತಿನದು. ಗೊಬ್ಬರ ಅತಿಯಾದ ಬಳ್ಳಿಯಲ್ಲಿ, ಕಡುಬಿಸಿಲಿನಲ್ಲಿ ಗಂಡುಹೂವೇ ಹೆಚ್ಚು. ಇಷ್ಟು ಗೊತ್ತಾದ ಮೇಲೆ ಬಳ್ಳಿಯನ್ನು ಯಾರೂ ಅವಸರದಿಂದ ಕಿತ್ತೊಗೆಯುವುದಿಲ್ಲ.

ತುಳಸಿಯ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಡಿಸೆಂಬರ್, ಜನವರಿಯ ಚಳಿಗೆ ಕಟ್ಟೆಯ ತುಳಸಿ ಎಲೆ ಉದುರಿಸಿದಾಗ ಮನೆಗೇನೋ ಕೇಡು ಎಂದು ಅಂಜುವವರಿದ್ದಾರೆ, ಹೊಸ ಸೊಸೆಯ ಕೈಗುಣ ಸರಿಯಿಲ್ಲ ಎನ್ನುವವರೂ ಇದ್ದಾರೆ. ತುಳಸಿಗೆ ಚಳಿ ಆಗದು. ತೆನೆ ಬಲಿತು ಬೀಜ ಕಟ್ಟಿದ ಮೇಲೆ ಗಿಡ ಸೊರಗುವುದೂ ಅದರ ಸಹಜ ಗುಣ. ತೆನೆಯನ್ನು ಎಳೆಯದಾಗಿರುವಾಗಲೇ ಚಿವುಟುತ್ತಿದ್ದರೆ, ಚಳಿಗಾಲದಲ್ಲಿ ನೀರು ಕಡಿಮೆ ಮಾಡಿದರೆ ಗಿಡ ಇನ್ನೊಂದು ವರ್ಷ ಬಾಳುತ್ತದೆ. ಒಣಗಿದರೂ ಕಟ್ಟೆಯ ಮಣ್ಣಿಗೆ ಬಿದ್ದ ಬೀಜ ಮೊದಲ ಮಳೆಗೆ ಮೊಳೆಯುತ್ತದೆ. ಆ ಸೊಸೆಗೆ ಈ ಮಾತನ್ನು ಹೇಳುವ ಒಬ್ಬ ನೆರೆಯವಳು ಬೇಕೇ ಬೇಕು. ಪೂಜೆಗೆ ಪತ್ರಿ ಬೇಕೆಂದು ಹಚ್ಚಿದ ಬಿಲ್ವದ ಸಸಿ ಮೊದಲ ವರ್ಷಗಳಲ್ಲಿ ಎತ್ತರ ಹೋಗದಿದ್ದರೂ ಗಾಬರಿಯಾಗಬೇಕಿಲ್ಲ, ಅದು ನಿಧಾನಕ್ಕೆ ಏಳುವ ಮರ.

ಸಲಹೆಯ ಜೊತೆಗೆ ಬೀಜ, ಕಡ್ಡಿ, ಸಸಿ ಕೈಬದಲಾಗುತ್ತವೆ. ದಾಸವಾಳ, ಕಣಗಿಲೆ, ನಂದಿಬಟ್ಟಲು, ಮಲ್ಲಿಗೆಯ ಕಡ್ಡಿಗೆ ಮಿರಗದ ಮಳೆಯ ನಂತರದ ತಂಪು ಸರಿಯಾದ ಕಾಲ. ಪೆನ್ಸಿಲ್ ದಪ್ಪದ ಕಡ್ಡಿ ಇರಬೇಕು, ತೀರ ಎಳೆಯದೂ ತೀರ ಬಲಿತದ್ದೂ ಆಗದು. ನುಗ್ಗೆಗೆ ಮುಂಗೈ ದಪ್ಪದ ಕೊಂಬೆ ಬೇಕು. ಬೀಜವನ್ನು ಬೂದಿಯಲ್ಲಿ ಕಲಸಿ ಡಬ್ಬಿಯಲ್ಲಿಡುವುದು, ಕುಂಬಳ, ಹೀರೆಯ ಬೀಜವನ್ನು ಸಗಣಿಯಲ್ಲಿ ಒತ್ತಿ ಗೋಡೆಗೆ ತಟ್ಟುವುದು ಹಳೆಯ ಕ್ರಮ. ಕುಂಬಳದ ಬೀಜ ನಾಲ್ಕೈದು ವರ್ಷ ತಾಳುತ್ತದೆ, ಉಳ್ಳಾಗಡ್ಡಿಯದು ಮರುವರ್ಷಕ್ಕೇ ಸೊರಗುತ್ತದೆ. ಕರಿಬೇವಿನ ಬೀಜವನ್ನು ಹಣ್ಣು ಬಿಡಿಸಿದ ಕೂಡಲೇ ಊರಬೇಕು, ಒಣಗಿಸಿ ಇಟ್ಟರೆ ಮೊಳೆಯದು. ಪಾಕೀಟಿನ ಹೈಬ್ರಿಡ್ ಟೊಮೆಟೊದ ಬೀಜ ಹಿಡಿದರೆ ತಾಯಿಗಿಡದ ಕಾಯಿ ಸಿಗದು. ಅವರೆ, ಟೊಮೆಟೊದ ನಾಟಿ ತಳಿಗಳು ಬಹುಮಟ್ಟಿಗೆ ತಮ್ಮತನ ಉಳಿಸಿಕೊಳ್ಳುತ್ತವೆ. ಕುಂಬಳ ಮಾತ್ರ ನೆರೆಮನೆಯ ಕುಂಬಳದೊಡನೆ ಬೆರೆಯುತ್ತದೆ, ಹಾಗಾಗಿ ತಳಿ ಉಳಿಸಬೇಕೆನ್ನುವವರು ಅಕ್ಕಪಕ್ಕದವರ ಜೊತೆ ಮಾತಾಡಿಯೇ ಬೀಜ ಹಚ್ಚಬೇಕು.

ಈ ಕೊಡುಕೊಳ್ಳುವಿಕೆಗೆ ಇಲ್ಲಿಯ ಹಬ್ಬಗಳೇ ಎಡೆ ಮಾಡಿಕೊಟ್ಟಿವೆ. ಬೀದರ, ಕಲಬುರಗಿಯ ಎಳ್ಳಮವಾಸ್ಯೆಯೇ ಲಾತೂರ, ಧಾರಾಶಿವದ ಕಡೆಯ ವೇಳ ಅಮಾವಾಸ್ಯೆ. ಅಂದು ಮನೆಮಂದಿಯೆಲ್ಲ ಬೀಗರು, ಗೆಳೆಯರನ್ನು ಕರೆದುಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಹತ್ತಾರು ಬಗೆಯ ಹಸಿಕಾಳು, ಸೊಪ್ಪುಗಳ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುತ್ತಾರೆ. ಭಜ್ಜಿಗೆ ಬಿದ್ದ ಅವರೆ ಯಾರ ಹಿತ್ತಲಿನದು, ಅದರ ಬೀಜ ಸಿಕ್ಕೀತೇ ಎಂಬ ಮಾತು ಊಟದ ಪಂಕ್ತಿಯಲ್ಲೇ ಹುಟ್ಟುತ್ತದೆ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಡೆಯುವ ಅರಿಷಿಣ ಕುಂಕುಮದಲ್ಲಿ ಮುತ್ತೈದೆಯರಿಗೆ ‘ವಾಣ’ ಕೊಡುವ ಪದ್ಧತಿಯಿದೆ. ಪ್ಲಾಸ್ಟಿಕ್ ಡಬ್ಬಿಯ ಬದಲು ಸಸಿ ಕೊಡುವವರು ಈಗ ಕಾಣುತ್ತಾರೆ, ಇದು ಹಬ್ಬಬೇಕಾದ ರೂಢಿ.

ಇಂಥ ಬಳಕೆಗೆ ಗಟ್ಟಿ ರೂಪ ಕೊಟ್ಟ ಉದಾಹರಣೆಗಳು ಕರ್ನಾಟಕದಲ್ಲೂ ಹೊರದೇಶದಲ್ಲೂ ಇವೆ. ಶಿರಸಿಯಲ್ಲಿ 2001ರಲ್ಲಿ ಶುರುವಾದ ‘ವನಸ್ತ್ರೀ’ ಮಲೆನಾಡಿನ ಹೆಂಗಸರ ಹಿತ್ತಲಿನ ಬೀಜಗಳನ್ನು ಒಟ್ಟುಗೂಡಿಸಿ ಹಂಚುತ್ತದೆ. ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಿಂದ ಬೆಳೆದವರೇ ಬರೆಯಬೇಕೆಂಬ ನಿಲುವು ಹಿಡಿದು ಬಂದಿದೆ. ಬೆಂಗಳೂರಿನ ತಾರಸಿ ತೋಟಗಾರರು 2011ರಿಂದ ‘ಊಟ ಫ್ರಮ್ ಯುವರ್ ತೋಟ’ ಹೆಸರಿನಲ್ಲಿ ಸೇರುತ್ತ ಬಂದಿದ್ದಾರೆ, ಅದರ ಹಿಂದೆ ಡಾ. ಬಿ.ಎನ್. ವಿಶ್ವನಾಥ್ ಅವರ ದುಡಿಮೆಯಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1970ರ ದಶಕದ ಮೊದಲಲ್ಲಿ ವಿಶ್ವವಿದ್ಯಾಲಯವೊಂದು, ಮನೆತೋಟದವರ ಪ್ರಶ್ನೆಗಳು ಉತ್ತರಿಸಲಾರದಷ್ಟಾದಾಗ, ತೋಟಗಾರರಿಗೇ ತರಬೇತಿ ಕೊಟ್ಟು ಆ ಕೆಲಸ ಒಪ್ಪಿಸಿತು. ‘ಮಾಸ್ಟರ್ ಗಾರ್ಡನರ್’ ಎಂಬ ಆ ಪದ್ಧತಿ ಈಗ ಆ ದೇಶದುದ್ದಕ್ಕೂ ಹಬ್ಬಿದೆ.

ನೆರೆಯ ಸಲಹೆಗೆ ಮಿತಿಯೂ ಇದೆ. ಸೋಯಾಬೀನಿಗೆ ತಂದು ಉಳಿದ ಕೀಟನಾಶಕವನ್ನು ಹಿತ್ತಲಿನ ಬದನೆಗೂ ಹೊಡೆ ಎಂಬ ಮಾತನ್ನು ಯಾರು ಹೇಳಿದರೂ ಕೇಳಬಾರದು. ಹೊಲದ ಪ್ರಮಾಣ ಬೇರೆ, ಎರಡು ದಿನಕ್ಕೊಮ್ಮೆ ಕಿತ್ತು ಅಡುಗೆಗೆ ಒಯ್ಯುವ ಕಾಯಿಯ ಲೆಕ್ಕ ಬೇರೆ. ಗುರುತು ಹತ್ತದ ರೋಗ ಕಂಡರೆ ಎಲೆ, ಕಾಂಡ, ಬೇರಿನ ಮಣ್ಣು ಸಮೇತ ತುಳಜಾಪುರ, ಲಾತೂರ, ಬೀದರದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೋರಿಸಬಹುದು. ಮಣ್ಣಿನ ಪರೀಕ್ಷೆಯನ್ನು ಅಲ್ಲಿಯೇ ವಿಚಾರಿಸಬೇಕು. ಪರಭಣಿಯಲ್ಲಿ 1972ರಲ್ಲಿ ಸ್ಥಾಪನೆಯಾದ ಮರಾಠವಾಡಾ ಕೃಷಿ ವಿದ್ಯಾಪೀಠ ಈ ಎರೆಭೂಮಿಯ ಮೇಲೆಯೇ ಕೆಲಸ ಮಾಡುತ್ತ ಬಂದಿದೆ. ಮೊಬೈಲಿನಲ್ಲಿ ಫೋಟೋ ಕಳಿಸಿ ಕೇಳುವವರು ಎಲೆಯ ಮೇಲ್ಬದಿ, ಕೆಳಬದಿ, ಇಡೀ ಗಿಡ, ಬುಡದ ಮಣ್ಣು ಇಷ್ಟೂ ತೋರಿಸಿ, ಯಾವ ನೀರು, ಎಷ್ಟು ದಿನಕ್ಕೊಮ್ಮೆ ಎಂಬುದನ್ನೂ ಬರೆದರೆ ಉತ್ತರ ಸರಿಯಾಗಿ ಬರುತ್ತದೆ.

ಕಡ್ಡಿಯೊಂದಿಗೆ ಕೀಟವೂ ಮನೆಗೆ ಬರಬಹುದೆಂಬುದನ್ನು ಕೊಡುವವರು, ಪಡೆಯುವವರು ಇಬ್ಬರೂ ನೆನಪಿಡಬೇಕು. ದಾಸವಾಳದ ಗೆಣ್ಣುಗಳಲ್ಲಿ ಹತ್ತಿಯಂತೆ ಬೆಳ್ಳಗೆ ಅಂಟಿರುವ ಹಿಟ್ಟುತಿಗಣೆ ಹೀಗೇ ಮನೆಯಿಂದ ಮನೆಗೆ ದಾಟುತ್ತದೆ. ಗಿಡದ ಮೇಲೆ ಇರುವೆ ಸಾಲುಗಟ್ಟಿದ್ದರೆ ತಿಗಣೆ ಇರುವ ಸಂಭವ ಹೆಚ್ಚು. ತಿಗಣೆ ಸೂಸುವ ಸಿಹಿರಸಕ್ಕಾಗಿ ಇರುವೆಗಳು ಅದನ್ನು ಕಾಯುತ್ತವೆ. ಅಂಥ ಗಿಡದಿಂದ ಕಡ್ಡಿ ಕೊಡುವ ಮೊದಲು ಸಾಬೂನು ನೀರಿನಲ್ಲಿ ತೊಳೆದು, ಗೆಣ್ಣು ಉಜ್ಜಿ ನೋಡಬೇಕು. ಪಡೆದವರು ಹೊಸ ಸಸಿಯನ್ನು ಎರಡು ವಾರ ಉಳಿದ ಗಿಡಗಳಿಂದ ದೂರವಿಟ್ಟು, ಚಿಗುರು ಶುದ್ಧವಾಗಿ ಬಂದ ಮೇಲೆ ನೆಲಕ್ಕೆ ಹಚ್ಚಬೇಕು.